ಸ್ಕ್ವಾಟ್ ಅರ್ಧಕ್ಕೇ ನಿಲ್ಲುತ್ತಿದೆಯೇ? ತಿದ್ದುವುದು ಹೀಗೆ

ಸ್ಕ್ವಾಟ್ ಎಂದರೆ ಕಬ್ಬಿಣದ ಬಾರನ್ನು ಬೆನ್ನ ಮೇಲೆ ಹೊತ್ತು ಕುಳಿತು ಏಳುವ ವ್ಯಾಯಾಮ. ಬಾರ್‌ಗೆ ತೂಕದ ಪ್ಲೇಟ್ ಸೇರಿದಂತೆಲ್ಲ ಸ್ಕ್ವಾಟ್‌ನ ಆಳ ಕಡಿಮೆಯಾಗುತ್ತಾ ಹೋಗುತ್ತದೆ. ಮಾಡುವವರಿಗೆ ಮಾತ್ರ ಅದು ತಿಳಿಯುವುದಿಲ್ಲ. ಬೆನ್ನ ಮೇಲೆ ಭಾರವಿದ್ದಾಗ ಅರ್ಧ ಇಳಿದರೂ ಪೂರ್ತಿ ಕುಳಿತಂತೆಯೇ ಅನಿಸುತ್ತದೆ. ಆದ್ದರಿಂದ ಮೊದಲು ಬೇಕಾದ್ದು ಅಳತೆ.

ಪವರ್‌ಲಿಫ್ಟಿಂಗ್ ಸ್ಪರ್ಧೆಯ ನಿಯಮವನ್ನೇ ಅಳತೆಯಾಗಿಟ್ಟುಕೊಳ್ಳಿ: ಸೊಂಟದ ಕೀಲಿನ ಬಳಿ, ಅಂದರೆ ಕೂತಾಗ ಚಡ್ಡಿ ಮಡಿಕೆ ಬೀಳುವ ಜಾಗದಲ್ಲಿ, ತೊಡೆಯ ಮೇಲ್ಭಾಗ ಮಂಡಿಯ ಮೇಲ್ತುದಿಗಿಂತ ಕೆಳಗಿರಬೇಕು. ಎರಡು ಬೆರಳಿನಷ್ಟು ಕೆಳಗಿಳಿದರೂ ಸಾಕು. ಫೋನನ್ನು ನೇರ ಪಕ್ಕದಲ್ಲಿ, ಮಂಡಿಯ ಎತ್ತರದಲ್ಲಿ, ಎರಡು ಮೂರು ಮೀಟರ್ ದೂರ ಇಟ್ಟು ವಿಡಿಯೊ ಮಾಡಿ. ಓರೆಯಾಗಿ ತೆಗೆದ ವಿಡಿಯೊ ಆಳವನ್ನು ಸರಿಯಾಗಿ ತೋರಿಸುವುದಿಲ್ಲ. ಎದುರಿನ ಕನ್ನಡಿಯಂತೂ ಈ ಕೆಲಸಕ್ಕೆ ಬಾರದು.

ಮೂರು ವಿಡಿಯೊ, ಒಂದು ತೀರ್ಮಾನ

10 ಕೆ.ಜಿ. ಪ್ಲೇಟನ್ನು ಎದೆಯ ಮುಂದೆ ಹಿಡಿದು ಒಮ್ಮೆ, 20 ಕೆ.ಜಿ.ಯ ಖಾಲಿ ಬಾರ್‌ನೊಂದಿಗೆ ಒಮ್ಮೆ, ಮಾಮೂಲಿ ತೂಕದೊಂದಿಗೆ ಒಮ್ಮೆ ಸ್ಕ್ವಾಟ್ ಮಾಡಿ. ಮೊದಲೆರಡರಲ್ಲಿ ಸಲೀಸಾಗಿ ಇಳಿದು ಮೂರನೆಯದರಲ್ಲಿ ನಿಂತುಬಿಟ್ಟರೆ ತಪ್ಪು ಕೀಲುಗಳದ್ದಲ್ಲ, ತೂಕದ್ದು. ಬಹುಪಾಲು ಮಂದಿಯ ಸಮಸ್ಯೆ ಇದೇ. ಆದರೂ ತೂಕ ಇಳಿಸುವ ಬದಲು ತಿಂಗಳುಗಟ್ಟಲೆ ಸ್ಟ್ರೆಚಿಂಗ್ ಮಾಡುವವರೇ ಹೆಚ್ಚು. ಪ್ಲೇಟ್ ಹಿಡಿದರೂ ಕೆಳಗಿಳಿಯಲು ಆಗದಿದ್ದರೆ ನಿಲುವನ್ನೋ ಪಾದದ ಕೀಲನ್ನೋ ನೋಡಬೇಕು.

ನಿಲುವು

ಪಾದಗಳನ್ನು ಒತ್ತಿಟ್ಟು ಬೆರಳುಗಳನ್ನು ನೇರ ಮುಂದಕ್ಕೆ ಚಾಚಿ ನಿಂತರೆ, ಇಳಿಯುವಾಗ ತೊಡೆ ಹೊಟ್ಟೆಗೂ ಸೊಂಟದ ಮೂಳೆಗೂ ತಾಗಿ ದಾರಿ ಮುಚ್ಚುತ್ತದೆ. ಅಲ್ಲಿಂದ ಕೆಳಗೆ ಬಲವಂತ ಮಾಡಿದರೆ ಸೊಂಟ ಒಳಕ್ಕೆ ಮಡಚಿ ಕೆಳಬೆನ್ನು ಗುಂಡಗಾಗುತ್ತದೆ. ಹಿಮ್ಮಡಿಗಳು ಭುಜದಗಲ ದೂರವಿರಲಿ, ಪಾದಗಳು ಸುಮಾರು 30 ಡಿಗ್ರಿ ಹೊರಕ್ಕೆ ತಿರುಗಿರಲಿ. ಇಳಿಯಲು ಶುರು ಮಾಡಿದ ಕ್ಷಣದಿಂದಲೇ ಮಂಡಿಗಳನ್ನು ಪಾದದ ದಿಕ್ಕಿಗೆ ಹೊರಕ್ಕೆ ತಳ್ಳಿ. ಆಗ ತೊಡೆಗಳ ನಡುವೆ ಸೊಂಟ ಇಳಿಯಲು ಜಾಗ ಸಿಗುತ್ತದೆ. ಸೊಂಟದ ಮೂಳೆಯ ಆಕಾರ ಎಲ್ಲರಿಗೂ ಒಂದೇ ಅಲ್ಲ. ಹಾಗಾಗಿ ಖಾಲಿ ಬಾರ್‌ನಲ್ಲಿ ನಿಲುವನ್ನು ಒಂದೊಂದು ಅಂಗುಲ ಅಗಲಿಸಿ, ಕಿರಿದಾಗಿಸಿ ಪ್ರಯೋಗ ಮಾಡಿ, ಸುಲಭವಾಗಿ ಇಳಿಯುವ ಜಾಗವನ್ನು ಕಂಡುಕೊಳ್ಳಿ.

ಎದೆಯನ್ನು ಸೆಟೆದು ನಿಲ್ಲಿಸಿಕೊಳ್ಳುವ ಹಟವೂ ಆಳಕ್ಕೆ ಅಡ್ಡಿ. ಬಾರ್ ಪಾದದ ನಡುಭಾಗದ ನೇರಕ್ಕೇ ಇರಬೇಕೆಂದರೆ ಸೊಂಟ ಹಿಂದೆ ಹೋದಷ್ಟೂ ಮುಂಡ ಮುಂದೆ ಬಾಗಲೇಬೇಕು. ಬೆನ್ನು ನೇರವಾಗಿ ಬಿಗಿಯಾಗಿದ್ದರೆ ಆ ಬಾಗು ತಪ್ಪಲ್ಲ. ನೋಟ ಚಾವಣಿಯ ಕಡೆ ಬೇಡ, ಎರಡು ಮೀಟರ್ ಮುಂದಿನ ನೆಲದ ಮೇಲಿರಲಿ.

ಪಾದದ ಕೀಲು

ಗೋಡೆಯಿಂದ 10 ಸೆಂ.ಮೀ. ದೂರದಲ್ಲಿ ಕಾಲ ಹೆಬ್ಬೆರಳಿಟ್ಟು, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗದಿದ್ದರೆ ಮೀನಖಂಡ ಬಿಗಿದಿದೆ ಇಲ್ಲವೇ ಕೀಲು ಪೆಡಸಾಗಿದೆ ಎಂದರ್ಥ. ಇದೇ ಪರೀಕ್ಷೆಯನ್ನು ವ್ಯಾಯಾಮವಾಗಿ ದಿನಕ್ಕೆ ಪ್ರತಿ ಕಾಲಿಗೆ 15 ಸಲದಂತೆ ಎರಡು ಸೆಟ್ ಮಾಡಬಹುದು. ಮಂಡಿ ಗೋಡೆಗೆ ತಾಗುವವರೆಗೆ ಹಿಮ್ಮಡಿ ಎತ್ತರವಿರುವ ವೇಟ್‌ಲಿಫ್ಟಿಂಗ್ ಶೂ ಧರಿಸಿ. ಮೆತ್ತನೆಯ ಓಟದ ಶೂ ಬೇಡ. ಭಾರಕ್ಕೆ ಕುಸಿದು ಸಮತೋಲ ಕೆಡಿಸುತ್ತದೆ.

ಹೊಸ ಆಳದ ಅಭ್ಯಾಸ

ಕೆಳಗೆ ಸಿಕ್ಕಿಕೊಳ್ಳುವ ಭಯವೇ ಅನೇಕರನ್ನು ಅರ್ಧದಲ್ಲಿ ತಡೆಯುತ್ತದೆ. ಖಾಲಿ ಬಾರ್‌ನೊಂದಿಗೆ ಪೂರ್ತಿ ಇಳಿದು, ಆಗ ಬಾರ್ ಇರುವ ಮಟ್ಟಕ್ಕಿಂತ ಮೂರು ನಾಲ್ಕು ಸೆಂ.ಮೀ. ಕೆಳಗೆ, ಬಾರ್ ಇಡುವ ಚೌಕಟ್ಟಾದ ರ‍್ಯಾಕ್‌ನ ಬಾರನ್ನು ತಡೆಯುವ ಅಡ್ಡಕಂಬಿಗಳಾದ ಸೇಫ್ಟಿ ಪಿನ್‌ಗಳನ್ನು ಹಾಕಿ. ಏಳಲಾಗದಿದ್ದರೆ ಬಾರ್ ಪಿನ್ ಮೇಲೆ ಕೂರುತ್ತದೆ, ಅಷ್ಟೇ.

ಈಗ ತೂಕವನ್ನು 20ರಿಂದ 30 ಶೇಕಡಾ ಇಳಿಸಿ. ಮೇಲೆ ನಿಂತೇ ಹೊಟ್ಟೆ ತುಂಬ ಉಸಿರೆಳೆದು ಬಿಗಿಹಿಡಿಯಿರಿ (ರಕ್ತದೊತ್ತಡವಿದ್ದವರು ವೈದ್ಯರನ್ನು ಕೇಳದೆ ಉಸಿರು ಕಟ್ಟಬಾರದು). ಮೂರು ಎಣಿಸುವಷ್ಟು ನಿಧಾನವಾಗಿ ಇಳಿದು, ಕೆಳಗೆ ಎರಡು ಸೆಕೆಂಡ್ ನಿಂತು ಏಳಿ. ಕೆಳಗೆ ನಿಂತಾಗ ಬಿಗಿ ಸಡಿಲಬಾರದು. ಸಡಿಲಿದರೆ ಏಳುವಾಗ ಸೊಂಟ ಮೊದಲು ಮೇಲೆದ್ದು ಬೆನ್ನಿಗೆ ಭಾರ ಬೀಳುತ್ತದೆ. ಹೀಗೆ ಐದು ರೆಪ್‌ನ (ಒಮ್ಮೆ ಇಳಿದು ಎದ್ದರೆ ಒಂದು ರೆಪ್) ಮೂರು ಸೆಟ್, ವಾರಕ್ಕೆ ಎರಡು ದಿನ. ಕೆಳಗೆ ಬಾಕ್ಸ್ ಇಟ್ಟು ಅಭ್ಯಾಸ ಮಾಡುವುದಾದರೆ ಅದರ ಎತ್ತರ ನಿಮ್ಮ ಸರಿಯಾದ ಆಳಕ್ಕೆ ಹೊಂದಿರಲಿ. ಸೋಕಿ ಏಳಬೇಕು, ಕುಕ್ಕರಿಸಿ ಕೂರಬಾರದು.

ತೊಡೆಸಂದಿನ ಮುಂಭಾಗದಲ್ಲಿ ಚುಚ್ಚಿದಂತೆ ನೋವಾದರೆ ಅಲ್ಲಿಗೇ ನಿಲ್ಲಿಸಿ. ನಿಲುವು ಬದಲಿಸಿದರೂ ಹೋಗದಿದ್ದರೆ ಫಿಸಿಯೊಥೆರಪಿಸ್ಟ್‌ಗೆ ತೋರಿಸಬೇಕು.

ಎರಡು ಮೂರು ವಾರದ ನಂತರ ಕೆಳಗೆ ನಿಲ್ಲುವುದನ್ನು ಬಿಟ್ಟು, ಪ್ರತಿ ಸಲ 2.5 ಕೆ.ಜಿ. ಏರಿಸುತ್ತಾ ಬನ್ನಿ. ಕೊನೆಯ ಸೆಟ್‌ನ ವಿಡಿಯೊ ತಪ್ಪದೆ ನೋಡಿ. ಆಳ ಮೊದಲು ಕೈಕೊಡುವುದು ದಣಿದ ನಾಲ್ಕನೇ, ಐದನೇ ರೆಪ್‌ಗಳಲ್ಲಿ. ಅಳತೆಯ ಆಳ ಮುಟ್ಟದ ರೆಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮುಂದಿನ ಸಲ ಅದೇ ತೂಕವನ್ನು ಮತ್ತೆ ಮಾಡಿ.