ಟೈಕೋನ ಸೀಳು, ನನ್ನ ಪ್ಲೈವುಡ್ಡು

ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆಯ ಕಣ್ಣು ಎಲ್ಲರಿಗಿಂತ ಚುರುಕಾಗಿತ್ತು ಅಂತ ಬಹಳ ದಿನ ನಂಬಿದ್ದೆ. ದೂರದರ್ಶಕ ಬರುವ ಮೊದಲೇ, 1601ರಲ್ಲಿ, ತೀರಿಹೋದವನು. ಆದರೂ ಅವನ ಒಳ್ಳೆಯ ಅಳತೆಗಳು ಒಂದೆರಡು ಕಲೆಯೊಳಗೆ ಸರಿ. ಕಲೆ ಅಂದರೆ ಡಿಗ್ರಿಯ 60ನೇ ಪಾಲು. ಹುಣ್ಣಿಮೆ ಚಂದ್ರನ ಅಗಲವೇ ಸುಮಾರು 30 ಕಲೆ. ಮೈಸೂರಿನ ನಮ್ಮ ತಾರಸಿಯಲ್ಲಿ ಪ್ಲೈವುಡ್ಡಿನ ಕಾಲುವೃತ್ತ (ಅಂಚಿನಲ್ಲಿ ಡಿಗ್ರಿ ಗುರುತಿಟ್ಟ, ಕೋನ ಅಳೆಯುವ ಹಲಗೆ) ಹಿಡಿದು ಧ್ರುವ ನಕ್ಷತ್ರದ ಎತ್ತರ ಅಳೆಯಲು ಕೂತ ಮೇಲೆ ಆ ನಂಬಿಕೆ ಹೋಯಿತು.

ತ್ರಿಜ್ಯ 60 ಸೆಂ.ಮೀ. ಅಂಚಿನಲ್ಲಿ ಒಂದು ಡಿಗ್ರಿಗೆ ಸಿಕ್ಕಿದ್ದು ಸೆಂಟಿಮೀಟರಿಗಿಂತ ಚೂರೇ ಹೆಚ್ಚು. ಮೂಲೆಯಿಂದ ಇಳಿಬಿಟ್ಟ ತೂಗುಗುಂಡು ಗಾಳಿಗೆ ನಿಲ್ಲಲೊಲ್ಲದು; ಬಕೆಟ್ ನೀರಿನಲ್ಲಿ ಮುಳುಗಿಸಿದ ಮೇಲೆ ತೆಪ್ಪಗಾಯಿತು. ತನ್ನ ವೀಕ್ಷಣಾಲಯವಿದ್ದ ಹ್ವೆನ್ ದ್ವೀಪದಲ್ಲಿ ಟೈಕೋಗೂ ಗಾಳಿಯದೇ ಕಾಟ. ಅವನು ಉಪಕರಣಗಳನ್ನೇ ನೆಲದೊಳಗೆ ಇಳಿಸಿದ. ರಾಜನ ದುಡ್ಡಿದ್ದವನು, ಇಳಿಸಬಹುದು!

ನಿಜವಾಗಿ ಸತಾಯಿಸಿದ್ದು ನೋಟದ ಕಿಂಡಿ. ದೊಡ್ಡ ತೂತಾದರೆ ನಕ್ಷತ್ರ ಅದರೊಳಗೆ ಅಲೆದಾಡುತ್ತದೆ, ಸಣ್ಣದಾದರೆ ಕಾಣುವುದೇ ಇಲ್ಲ. ಕೊನೆಗೆ ಟೈಕೋನ ಉಪಾಯವನ್ನೇ ಎತ್ತಿಕೊಂಡೆ. ದೂರದ ತುದಿಗೆ ಸಣ್ಣ ಚೌಕ ತಗಡು. ಕಣ್ಣಿನ ಬಳಿಯ ತಗಡಿನಲ್ಲಿ ಎರಡು ಸೀಳು, ನಡುವಿನ ಅಂತರ ಆ ಚೌಕದಷ್ಟೇ. ಮೇಲಿನ ಸೀಳಿನಿಂದ ಚೌಕದ ಮೇಲಂಚಿಗೆ, ಕೆಳಗಿನದರಿಂದ ಕೆಳಂಚಿಗೆ ನಕ್ಷತ್ರ ತಾಗಿ, ಎರಡೂ ಕಡೆ ಒಂದೇ ಸಮ ಮಿನುಗಿದರೆ ಗುರಿ ಸರಿ. ತಂಪುಪಾನೀಯದ ಡಬ್ಬಿಯ ತಗಡು ಕತ್ತರಿಸಿ ಎರಡು ಬೆರಳು ಕುಯ್ದುಕೊಂಡೆ, ಆದರೆ ಅರ್ಧ ಡಿಗ್ರಿ ಹೊಯ್ದಾಡುತ್ತಿದ್ದ ಅಳತೆ 10 ಕಲೆಯ ಆಸುಪಾಸಿಗೆ ಬಂತು.

ಡಿಗ್ರಿಯನ್ನು ಅದಕ್ಕಿಂತ ಸಣ್ಣದಾಗಿ ಸೀಳಲು ಗೆರೆಗೆ ಜಾಗವಿರಲಿಲ್ಲ. ಅದಕ್ಕೂ ಅವನು ಬಳಸಿದ ದಾರಿಯೇ: ಅಂಚಿನ ಎರಡು ಬಾಗುಗೆರೆಗಳ ನಡುವೆ ಓರೆಯಾಗಿ ಚುಕ್ಕಿಗಳ ಸಾಲು. ತೂಗುಗುಂಡಿನ ದಾರ ಯಾವ ಚುಕ್ಕಿಯ ಮೇಲೆ ಹಾಯುತ್ತದೋ ಅದೇ ಲೆಕ್ಕ. ನನ್ನದರಲ್ಲಿ ಡಿಗ್ರಿಗೆ ಆರು ಚುಕ್ಕಿ.

ಫೆಬ್ರವರಿಯ ಒಂದು ರಾತ್ರಿ ಏಳಕ್ಕೂ ಹನ್ನೊಂದಕ್ಕೂ ನೋಡಿದೆ. ನಕ್ಷತ್ರ ಸುಮಾರು ಅರ್ಧ ಡಿಗ್ರಿ ಕೆಳಗಿಳಿದಿತ್ತು. ಪ್ಲೈವುಡ್ಡು ಸೊಟ್ಟಗಾಯಿತೆಂದು ಸ್ಕ್ರೂಗಳನ್ನೆಲ್ಲ ಬಿಗಿದೆ. ಆಮೇಲೆ ಹೊಳೆಯಿತು: ಧ್ರುವ ನಕ್ಷತ್ರ ಇರುವುದು ಆಕಾಶವೆಲ್ಲ ಸುತ್ತುವಂತೆ ಕಾಣುವ ಧ್ರುವಬಿಂದುವಿನ ಮೇಲಲ್ಲ, ಮುಕ್ಕಾಲು ಡಿಗ್ರಿಗೂ ಕಡಿಮೆ ದೂರದಲ್ಲಿ, ಅದೂ ಸುತ್ತುತ್ತದೆ!

ಟೈಕೋನ ಮಂಗಳದ ಅಳತೆಗಳಿಗೂ ತನ್ನ ಲೆಕ್ಕಕ್ಕೂ 8 ಕಲೆ ತಾಳೆಯಾಗಲಿಲ್ಲವೆಂದು ಖಗೋಳಜ್ಞ ಕೆಪ್ಲರ್ ಗ್ರಹ ವೃತ್ತದಲ್ಲಿ ಸುತ್ತುತ್ತದೆಂಬ ವೃತ್ತಕಕ್ಷೆಯನ್ನೇ ಕೈಬಿಟ್ಟ. ಟೈಕೋನ ಗೋಡೆಯ ಕಾಲುವೃತ್ತದಲ್ಲಿ, ತ್ರಿಜ್ಯ ಸುಮಾರು ಎರಡು ಮೀಟರ್, ಅಷ್ಟಕ್ಕೆ ನಾಲ್ಕೂವರೆ ಮಿಲಿಮೀಟರ್ ಸಿಗುತ್ತದೆ. ನನ್ನದರಲ್ಲಿ ಒಂದೂವರೆಯೂ ಇಲ್ಲ, ದಾರದ ದಪ್ಪವೇ ಅದರಲ್ಲಿ ಅರ್ಧ ನುಂಗುತ್ತದೆ. ಈಗ ಮೀನು ಹಿಡಿಯುವ ನೈಲಾನ್ ಎಳೆ ತಂದಿಟ್ಟಿದ್ದೇನೆ.