ಆಗಮನ ಕಾಲದಲ್ಲಿ ಭಯದ ಜೊತೆ ಕೂರುವ ಕ್ರಮ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲ ಕಡಿಮೆಯೆಂದರೆ 22 ದಿನ, ಹೆಚ್ಚೆಂದರೆ 28 ದಿನ. ಕಾರವಾರದಿಂದ ಭಟ್ಕಳದವರೆಗೆ ನಮ್ಮ ಮನೆಗಳಲ್ಲಿ ನಕ್ಷತ್ರ ಕಟ್ಟಿ, ಗೋದಲಿ ಮಾಡಿ, ಹಬ್ಬದ ತಿಂಡಿಗಳಾದ ಕುಸ್ವಾರ್‌ಗೆ ನೆವರಿ ಕರಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಆದರೆ ಮನಸ್ಸಿನಲ್ಲಿ ಭಯ ಹೊತ್ತವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ ಎಂದು ನಾನು ನಂಬುತ್ತೇನೆ. ನಾನು ಪಾಲಿಸುವ ಕ್ರಮ ಹೀಗಿದೆ.

ಮೊದಲು ಮೇಣದಬತ್ತಿಯ ಬಳೆ. ಅಗಲದ ಸ್ಟೀಲ್ ತಟ್ಟೆಗೆ ಒದ್ದೆ ಮರಳು ತುಂಬಿ ನಾಲ್ಕು ಬತ್ತಿ ಊರಬೇಕು: ಮೂರು ನೇರಳೆ, ಮೂರನೇ ಭಾನುವಾರಕ್ಕೆ ಒಂದು ಗುಲಾಬಿ. ಬಣ್ಣದ್ದು ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ರಿಬ್ಬನ್ ಸಾಕು. ಸುತ್ತಲೂ ಗಾಳಿಮರದ ಎಳೆ ರೆಂಬೆಗಳನ್ನು ತೆಂಗಿನ ನಾರಿನ ಹುರಿಯಿಂದ ಕಟ್ಟುತ್ತೇನೆ. ಇವು ಒಣಗಿದರೆ ಕಿಡಿ ತಾಗಿದ ಕೂಡಲೇ ಹತ್ತಿಕೊಳ್ಳುತ್ತವೆ. ಹಾಗಾಗಿ ಪ್ರತಿ ಶನಿವಾರ ಬದಲಿಸಬೇಕು, ಸೊಪ್ಪು ಜ್ವಾಲೆಗಿಂತ ನಾಲ್ಕು ಬೆರಳಾದರೂ ಕೆಳಗಿರಬೇಕು. ಪ್ರತಿ ಭಾನುವಾರ ಒಂದೊಂದು ಬತ್ತಿ ಹೆಚ್ಚಾಗಿ ಹಚ್ಚುವುದು. ಮೊದಲ ಬತ್ತಿ ನಾಲ್ಕೂ ವಾರ ಉರಿಯಬೇಕಾದ್ದರಿಂದ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಉರಿಸುವುದಿಲ್ಲ. ಊಟಕ್ಕೆ ಮುಂಚೆಯೇ ಹಚ್ಚುವುದು ಒಳ್ಳೆಯದು. ಊಟ ಆದಮೇಲೆ ಎಂದರೆ ಮಕ್ಕಳು ನಿದ್ದೆಗೆ ಜಾರಿರುತ್ತಾರೆ.

ಮೊದಲ ಭಾನುವಾರ ಒಂದು ಚೀಟಿಯಲ್ಲಿ ಭಯಗಳನ್ನು ಬರೆಯುತ್ತೇನೆ. ಮೂರಕ್ಕಿಂತ ಹೆಚ್ಚು ಬೇಡ. ‘ಮುಂದೇನಾಗುವುದೋ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಅಮ್ಮನ ಸ್ಕ್ಯಾನ್ ವರದಿ’, ‘ಸೊಸೈಟಿ ಸಾಲದ ಮಾರ್ಚ್ ಕಂತು’ ಎಂಬಷ್ಟು ಸ್ಪಷ್ಟವಾಗಿರಬೇಕು. ಹೆಸರಿಲ್ಲದ ಭಯಕ್ಕೆ ಪ್ರಾರ್ಥನೆಯೂ ಹೆಸರಿಲ್ಲದೆ ಹೋಗುತ್ತದೆ.

ಆ ಚೀಟಿಯನ್ನು ಎದುರಿಗಿಟ್ಟುಕೊಂಡು ಬೈಬಲ್‌ನ ಲೂಕ 21:25–28 ಓದಬೇಕು. ಇಗರ್ಜಿಯಲ್ಲಿ ಇದು ಮೂರು ವರ್ಷಕ್ಕೊಮ್ಮೆ ಮೊದಲ ಭಾನುವಾರದ ಶುಭಸಂದೇಶ. ಉಳಿದ ವರ್ಷ ಮನೆಯಲ್ಲೇ ಓದಿಕೊಳ್ಳುತ್ತೇನೆ. ಕಡಲಿನ, ಅಲೆಗಳ ಮೊರೆತಕ್ಕೆ ಜನ ದಿಕ್ಕೆಡುತ್ತಾರೆ, ಭಯದಿಂದ ಪ್ರಾಣ ಹಾರಿದಂತಾಗುತ್ತಾರೆ ಎಂದು ಯೇಸುವೇ ಹೇಳುತ್ತಾರೆ. ಆಗ ತಲೆಯೆತ್ತಿ ನಿಲ್ಲಿ, ನಿಮ್ಮ ಬಿಡುಗಡೆ ಹತ್ತಿರವಾಗಿದೆ ಎನ್ನುತ್ತಾರೆ. ಕಡಲು ಶಾಂತವಾದ ಮೇಲೆ ಎನ್ನುವುದಿಲ್ಲ. ನಮ್ಮ ಕರಾವಳಿಗೆ ಈ ಮಾತು ಬಲವಾಗಿ ತಟ್ಟುತ್ತದೆ. 2018ರ ಡಿಸೆಂಬರ್‌ನಲ್ಲಿ, ಆಗಮನ ಕಾಲದಲ್ಲೇ, ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಕ್ರಿಸ್ತ ಬರುತ್ತಾರೆ ಎಂದರೆ ಹೋದ ದೋಣಿಗಳೆಲ್ಲ ತಿರುಗಿ ಬರುತ್ತವೆ ಎಂದಲ್ಲ. ಹಾಗೆಂದು ಯಾರಿಗೂ ಸಮಾಧಾನ ಹೇಳಬಾರದು. ಅವರು ನಮ್ಮನ್ನು ಆ ದಡದಲ್ಲಿ ಒಂಟಿಯಾಗಿ ಬಿಡುವುದಿಲ್ಲ ಎಂಬುದಷ್ಟೇ ವಾಗ್ದಾನ, ಮತ್ತು ಅದು ದೊಡ್ಡದು.

ಎರಡನೇ ವಾರಕ್ಕೆ ಯೆಶಾಯ 41:13, ‘ನಿನ್ನ ಬಲಗೈ ಹಿಡಿದಿದ್ದೇನೆ’ ಎಂಬ ಭಾಗ. ಮೂರನೇ ವಾರಕ್ಕೆ ಯೆಶಾಯ 35:4, ‘ಧೈರ್ಯದಿಂದಿರಿ, ಹೆದರಬೇಡಿ’ ಎಂಬ ಮಾತು. ಈ ವಾರ ಚೀಟಿಯ ಒಂದೊಂದು ಸಾಲಿಗೂ ಒಂದು ಚಿಕ್ಕ ಕೆಲಸ ಸೇರಿಸುತ್ತೇನೆ: ವೈದ್ಯರ ಸಮಯ ಗೊತ್ತುಮಾಡುವುದು, ಸೊಸೈಟಿಗೆ ಹೋಗಿ ಕೇಳುವುದು. ನಂಬಿಕೆ ಇದೆಯೆಂದು ಕೈಕಟ್ಟಿ ಕುಳಿತರೆ ಭಯ ಬೆಳೆಯುತ್ತದೆ.

ಡಿಸೆಂಬರ್ 17ರಿಂದ ಇಗರ್ಜಿಯಲ್ಲಿ ದಿನವೂ ಓದುವ ಬೈಬಲ್ ಪಾಠಗಳು ದಿನಾಂಕದ ಪ್ರಕಾರ ಬರುತ್ತವೆ. 19ರಂದು ಮಕ್ಕಳಿಲ್ಲದ ಯಾಜಕ ಜೆಕರೀಯನಿಗೆ ದೂತ ‘ಭಯಪಡಬೇಡ’, ನಿನಗೆ ಮಗ ಹುಟ್ಟುತ್ತಾನೆ ಎನ್ನುತ್ತಾನೆ. ಮುದುಕ ನಂಬುವುದಿಲ್ಲ, ಮಾತು ಕಳೆದುಕೊಳ್ಳುತ್ತಾನೆ. 24ರ ಬೆಳಗ್ಗೆ ಅದೇ ಜೆಕರೀಯ, ಮಗ ಹುಟ್ಟಿದ ಮೇಲೆ, ನಾವು ನಿರ್ಭಯರಾಗಿ ದೇವರ ಸೇವೆ ಮಾಡುವಂತಾಯಿತು ಎಂದು ಹಾಡುತ್ತಾನೆ (ಲೂಕ 1:74). ನಾವು ಇದನ್ನು ಐದು ದಿನದಲ್ಲಿ ಓದಿ ಮುಗಿಸುತ್ತೇವೆ, ಅವನಿಗೆ ಒಂಬತ್ತು ತಿಂಗಳ ಮೇಲೆ ಹಿಡಿಯಿತು. ಕ್ರೂರ ರಾಜ ಹೆರೋದನ ಆಳ್ವಿಕೆಯೂ ಆಗ ಮುಗಿದಿರಲಿಲ್ಲ. ನಾಲ್ಕು ವಾರಕ್ಕೆ ಭಯ ಹೋಗಲಿಲ್ಲವೆಂದು ಕುಗ್ಗುವವರಿಗೆ ನಾನು ಇದನ್ನೇ ತೋರಿಸುವುದು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟಿ ಕೈಕಾಲು ನಡುಗುತ್ತಿದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕರೆ ಉಚಿತ. ಪ್ರಾರ್ಥನೆ ಅದರ ಜೊತೆಗೆ ಸಾಗಲಿ.

ಕ್ರಿಸ್‌ಮಸ್ ಸೋಮವಾರ ಬಿದ್ದರೆ 24ನೇ ತಾರೀಕೇ ನಾಲ್ಕನೇ ಭಾನುವಾರವಾಗಿ ನಾಲ್ಕನೇ ವಾರ ಒಂದೇ ದಿನದ್ದು, 2023ರಲ್ಲಿ ಹಾಗಾಗಿತ್ತು. ಅಂಥ ವರ್ಷ ಭಾನುವಾರದ ಪಾಠ ಇಗರ್ಜಿಯಲ್ಲಿ ಕೇಳಿ, ಜೆಕರೀಯನ ಹಾಡನ್ನು ಮನೆಯಲ್ಲಿ ಓದಿಕೊಳ್ಳಿ.