ರಾತ್ರಿ ಒಂಬತ್ತಕ್ಕೆ ಎರಡು ಮ್ಯಾಚ್

2022ರ ಮಾರ್ಚ್ ತಿಂಗಳು. ಶಿರಸಿ ಹತ್ತಿರದ ನಮ್ಮ ಮನೆಯ ಅಂಗಳದ ತುಂಬ ಚಾಲಿ ಅಡಿಕೆ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಹರವಿತ್ತು. ಅಪ್ಪ ಪೇಟೆಗೆ ಹೊರಟಿದ್ದ. "ತಮಾ, ಮಳೆ ಬಪ್ಪಂಗಿದ್ದು, ಅಡಿಕೆ ನೋಡ್ಕ" ಎಂದು ಹೇಳಿ ಹೋದ. ನಾನು ಹೂಂ ಅಂದೆ. ಮೊಬೈಲಿನ ಶೂಟಿಂಗ್ ಗೇಮಿನಲ್ಲಿ ಮ್ಯಾಚ್ ಕೊನೆಯ ಜೋನ್‌ಗೆ, ಅಂದರೆ ಉಳಿದವರೆಲ್ಲ ಸೇರಬೇಕಾದ ಕೊನೆಯ ಸಣ್ಣ ಜಾಗಕ್ಕೆ ಬಂದಿತ್ತು. ನೂರು ಜನರಲ್ಲಿ ಏಳೆಂಟು ಮಂದಿ ಉಳಿದಿದ್ದರು. ಇಯರ್‌ಫೋನ್ ಹಾಕಿಕೊಂಡಿದ್ದರೂ ಹೆಂಚಿನ ಮೇಲೆ ಹನಿ ಬಿದ್ದದ್ದು ನನಗೆ ಕೇಳಿಸಿತು. "ಬಿಟ್ಟು ಹೋಗ್ಬೇಡ, ಇನ್ನೆರಡು ನಿಮಿಷ" ಅಂದ ಗೆಳೆಯನ ಮಾತೂ ಕೇಳಿಸಿತು. ನಾನು ಹೊರಗೆ ಬಂದಾಗ ಆಯಿ (ಅಮ್ಮ) ಒಬ್ಬಳೇ ತಾಡಪತ್ರೆ ಎಳೆಯುತ್ತಿದ್ದಳು. ಅರ್ಧ ಅಡಿಕೆ ನೆನೆದಿತ್ತು.

ಚಾಲಿ ಒಣಗಲು ಸುಮಾರು 40 ದಿನದ ಬಿಸಿಲು ಬೇಕು. ನೆನೆದರೆ ಬೂಷ್ಟು ಹಿಡಿಯುತ್ತದೆ, ದರ ಬೀಳುತ್ತದೆ. ಅಪ್ಪ ಬೈಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತೂ ಆಡಲಿಲ್ಲ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಕಾಲೇಜು ಮುಚ್ಚಿತ್ತು. ಪಬ್‌ಜಿ ಎಂಬ ಮೊಬೈಲ್ ಶೂಟಿಂಗ್ ಗೇಮಿನಲ್ಲಿ ನಾವು ನಾಲ್ಕು ಜನರ ಸ್ಕ್ವಾಡ್, ಅಂದರೆ ತಂಡ ಆಯಿತು. ಇಬ್ಬರು ನನ್ನ ಕ್ಲಾಸಿನವರು, ಇನ್ನೊಬ್ಬ ಕುಮಟಾದವನು, ಅವನ ಮುಖವನ್ನೇ ನಾವು ನೋಡಿರಲಿಲ್ಲ. ಆ ವರ್ಷ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ನಿಷೇಧಿಸಿತು. ಆಯಿಗೆ ಎಷ್ಟು ಖುಷಿ! ದೀಪಾವಳಿ ಹೊತ್ತಿಗೆ ನಾವು ನಾಲ್ವರೂ ಇನ್ನೊಂದು ಆಟದಲ್ಲಿದ್ದೆವು.

ಅಡಿಕೆ ನೆನೆದ ಮೇಲೆ ಮೂರು ಸಲ ಆಟವನ್ನು ಮೊಬೈಲಿನಿಂದ ತೆಗೆದುಹಾಕಿದೆ. ಮೂರು ಸಲವೂ ವಾರದೊಳಗೆ ಮತ್ತೆ ಹಾಕಿಕೊಂಡೆ. ಅದೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಅದು 2022ರ ಜನವರಿಯಿಂದ ಜಾರಿಗೆ ಬಂದಿದೆ ಎಂದು ಓದಿದೆ. ಅದರಲ್ಲಿ ಮೂರು ಲಕ್ಷಣ ಹೇಳಿದ್ದಾರೆ. ಆಟ ಹಿಡಿತಕ್ಕೆ ಸಿಗದಿರುವುದು. ಉಳಿದ ಕೆಲಸಗಳಿಗಿಂತ ಆಟವೇ ಮುಂದೆ ಬರುವುದು. ನಷ್ಟ ಆಗುತ್ತಿದೆ ಎಂದು ಗೊತ್ತಿದ್ದೂ ಆಡುತ್ತಲೇ ಇರುವುದು. ಸಾಮಾನ್ಯವಾಗಿ ಇದೆಲ್ಲ ಒಂದು ವರ್ಷದಷ್ಟು ಕಾಲ ಕಂಡಿರಬೇಕು. ಮೂರನೆಯದು ಓದುವಾಗ ಅಂಗಳವೇ ಕಣ್ಣ ಮುಂದೆ ಬಂತು.

ಆಮೇಲೆ ಒಂದು ವಾರ ಸುಮ್ನೆ ಬರೆದಿಟ್ಟೆ. ಯಾವಾಗ ಶುರು ಮಾಡಿದೆ, ಯಾಕೆ ಏಳಲಿಲ್ಲ, ಇಷ್ಟೇ. "ಯಾಕೆ" ಎಂಬ ಸಾಲಿನಲ್ಲಿ ಹೆಚ್ಚು ಕಡೆ ಒಂದೇ ಉತ್ತರ ಇತ್ತು: ಅವರು ಕರೆದರು. ನನ್ನನ್ನು ಹಿಡಿದಿಟ್ಟದ್ದು ಬಂದೂಕೂ ಅಲ್ಲ, ರ‍್ಯಾಂಕೂ ಅಲ್ಲ. ನಾನು ಎದ್ದರೆ ಮೂವರು ಸೋಲುತ್ತಾರೆ ಎಂಬ ಭಾವನೆ. ಆಟ ತೆಗೆದಾಗಲೆಲ್ಲ ನಾನು ಗೆಳೆಯರನ್ನೂ ಬಿಟ್ಟಂತೆ ಆಗುತ್ತಿತ್ತು, ಅದಕ್ಕೇ ವಾಪಸ್ ಹೋಗುತ್ತಿದ್ದೆ.

ಹಾಗಾಗಿ ಅವರ ಹತ್ತಿರವೇ ಮಾತಾಡಿದೆ. ಅಡಿಕೆ ನೆನೆದ ಕಥೆ ಹೇಳಿದೆ. ದಿನಾ ರಾತ್ರಿ ಒಂಬತ್ತಕ್ಕೆ ಬರುತ್ತೇನೆ, ಎರಡು ಮ್ಯಾಚ್ ಆಡುತ್ತೇನೆ, ಮೂರನೆಯದಕ್ಕೆ ಕರೆಯಬೇಡಿ ಎಂದೆ. ಒಬ್ಬನಿಗೆ ಸಿಟ್ಟು ಬಂತು, ಬೇರೆ ಸ್ಕ್ವಾಡ್ ಸೇರಿದ. ಕುಮಟಾದವನು ಮಾತ್ರ "ನಂಗೂ ಹಾಗೇ ಬೇಕಿತ್ತು" ಅಂದ.

ಗಂಟೆ ಲೆಕ್ಕ ಬಿಟ್ಟು ಮ್ಯಾಚ್ ಲೆಕ್ಕ ಹಿಡಿದದ್ದಕ್ಕೆ ಕಾರಣ ಇದೆ. ಕೊನೆಯವರೆಗೆ ಉಳಿದರೆ ಒಂದು ಮ್ಯಾಚ್ ಅರ್ಧ ಗಂಟೆ ಹಿಡಿಯುತ್ತದೆ. ನಡುವೆ ನಿಲ್ಲಿಸಿ ಆಮೇಲೆ ಮುಂದುವರಿಸಲು ಬರುವುದಿಲ್ಲ. "ಹತ್ತಕ್ಕೆ ಏಳು" ಅಂದರೆ ಹತ್ತಕ್ಕೆ ಮ್ಯಾಚ್ ಅರ್ಧದಲ್ಲಿರುತ್ತದೆ, ಜಗಳ ಅಲ್ಲೇ ಶುರುವಾಗುತ್ತದೆ. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಅಪ್ಪ ಅಮ್ಮಂದಿರು ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಮ್ಯಾಚ್ ಶುರುವಾಗುವ ಮೊದಲು ಮಾತಾಡಿ.

ಕಷ್ಟ ಬಂದದ್ದು ಆಟದಲ್ಲಿ ಬೇಗ ಸತ್ತ ದಿನಗಳಲ್ಲಿ. ಎರಡೇ ನಿಮಿಷದಲ್ಲಿ ಆಟ ಮುಗಿದರೆ "ಇದು ಲೆಕ್ಕಕ್ಕಿಲ್ಲ" ಅನ್ನಿಸುತ್ತದೆ, ಅಲ್ವಾ? ಅದನ್ನೂ ಲೆಕ್ಕಕ್ಕೆ ಹಿಡಿದೆ. ಮೊದಲ ಹದಿನೈದು ದಿನ ಸೋತು ಎದ್ದ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಮೊಬೈಲನ್ನು ಆಯಿಯ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಜಗಲಿಯಲ್ಲಿ ಮಲಗಿದೆ. ನೋಟಿಫಿಕೇಶನ್ ಎಲ್ಲ ಬಂದ್ ಮಾಡಿದೆ. ಆಟದೊಳಗೆ ಬಹುಮಾನ ಸಿಗುವ ಸೀಸನ್ ಪಾಸ್ ಕೊಳ್ಳುವುದನ್ನು ಬಿಟ್ಟೆ. ದುಡ್ಡು ಕೊಟ್ಟು ಕೊಂಡ ಮೇಲೆ ದಿನದ ಮಿಷನ್ ಮುಗಿಸಲೇಬೇಕು ಅನ್ನಿಸುತ್ತದೆ, ಆಟ ಸಾಲದ ಕಂತಿನ ಹಾಗಾಗುತ್ತದೆ.

ಮಳೆಗಾಲದಲ್ಲಿ ಎರಡು ಸಲ ತಪ್ಪಿದೆ. ಒಮ್ಮೆ ಬೆಳಗಿನ ಜಾವದವರೆಗೂ ಆಡಿದೆ. ಮರುದಿನ ಒಂಬತ್ತಕ್ಕೆ ಮತ್ತೆ ಎರಡು ಮ್ಯಾಚ್‌ನಿಂದಲೇ ಶುರು ಮಾಡಿದೆ.

ನನಗೆ ಇಷ್ಟು ಸಾಕಾಯಿತು. ಊಟ, ನಿದ್ದೆ, ಓದು ಎಲ್ಲ ಹಾಳಾಗಿದ್ದರೆ ಇದು ಸಾಕಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ಡಿಸೆಂಬರ್‌ನಲ್ಲಿ ಅಡಿಕೆ ಸುಲಿಯುವ ಹೊತ್ತಿಗೆ ಕುಮಟಾದವನು ನಮ್ಮ ಮನೆಗೇ ಬಂದ. ಎರಡು ವರ್ಷ ಬರೀ ದನಿ ಕೇಳಿದ್ದೆ. ಅಪ್ಪ ಅವನನ್ನು ಮೆಟ್ಟುಗತ್ತಿಯ ಮುಂದೆ ಕೂರಿಸಿ, ಕಾಯಿ ಹೇಗೆ ಹಿಡಿಯಬೇಕು ಎಂದು ತೋರಿಸಿದ. ಒಂಬತ್ತು ಹೊಡೆಯಿತು. ಅವನು ನನ್ನ ಮುಖ ನೋಡಿ, "ಈ ಬುಟ್ಟಿ ಮುಗಿಸೇ ಏಳೋಣ" ಅಂದ.